ಹಬ್ಬದ ಸೇಲ್‌ಗೆ ಬಾಗಿಲು ತೆರೆಯುವ ಮೊದಲೇ ಹೋಗಿ ನಿಲ್ಲುವವರು ಇದನ್ನೊಮ್ಮೆ ಓದಿ

ಹಬ್ಬದ ರಜೆ ಹತ್ತಿರವಾದಂತೆ "ಮೊದಲು ಬಂದವರಿಗೆ ಮಾತ್ರ", "ದಾಸ್ತಾನು ಇರುವವರೆಗೆ" ಎಂಬ ಜಾಹೀರಾತುಗಳು ಮತ್ತೆ ಶುರುವಾಗಿವೆ. ಅವುಗಳನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹೋದ ವರ್ಷ ಇಂಥದೇ ಒಂದು ಮಾರಾಟದ ಬೆಳಿಗ್ಗೆ ನನ್ನ ಅಕ್ಕನ ಎರಡು ಪಕ್ಕೆಲುಬುಗಳು ಬಿರುಕು ಬಿಟ್ಟವು. ಯಾರೂ ಅವಳನ್ನು ಹೊಡೆದಿರಲಿಲ್ಲ. ಅವಳು ಕೆಳಗೆ ಬಿದ್ದಿರಲೂ ಇಲ್ಲ. ನೆಟ್ಟಗೆ ನಿಂತಿದ್ದವಳ ಮೂಳೆ ಸುತ್ತಲಿನ ಜನರ ಒತ್ತಡಕ್ಕೇ ಬಿರುಕು ಬಿಟ್ಟಿತ್ತು. ನೂಕುನುಗ್ಗಲಿನಲ್ಲಿ ಅಪಾಯವೇನಿದ್ದರೂ ಬಿದ್ದವರಿಗೆ, ಗಟ್ಟಿಯಾಗಿ ನಿಂತವರಿಗೆ ಏನೂ ಆಗುವುದಿಲ್ಲ ಎಂದು ನಂಬಿರುವವರು ಬಹಳ ಮಂದಿ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಅಂಗಡಿಯ ಹೆಸರು ಇಲ್ಲಿ ಬೇಡ. ಇಂಥ ಲೋಪ ಅದೊಂದೇ ಅಂಗಡಿಯದ್ದಲ್ಲ. ಎದುರಿಗೆ ವಿಶಾಲವಾದ ಜಾಗವಿತ್ತು, ಒಳಗೆ ಹೋಗಲು ಮಾತ್ರ ಒಂದೇ ಷಟರ್. ಬೆಳಕು ಹರಿಯುವ ಮೊದಲೇ ಜನ ಸೇರಿದ್ದರು. ಮೊದಮೊದಲು ಅದು ಸಾಲಾಗಿಯೇ ಇತ್ತು, ಎಲ್ಲರೂ ಮಾತನಾಡಿಕೊಂಡು ನಿಂತಿದ್ದರು. ಆದರೆ ಆ ಸಾಲನ್ನು ಸಾಲಾಗಿ ಉಳಿಸಲು ಹಗ್ಗವಿರಲಿಲ್ಲ, ಬ್ಯಾರಿಕೇಡ್ ಇರಲಿಲ್ಲ, ಟೋಕನ್ ಕೊಡುವವರೂ ಇರಲಿಲ್ಲ. ತಡವಾಗಿ ಬಂದವರು ಪಕ್ಕದಿಂದ ಸೇರಿಕೊಂಡರು. ಮೊದಲೇ ಬಂದವರು ತಮ್ಮ ಜಾಗ ಕೈತಪ್ಪೀತೆಂದು ಮುಂದಕ್ಕೆ ಒತ್ತಿ ನಿಂತರು. ಬಾಗಿಲು ತೆರೆಯುವ ಹೊತ್ತಿಗೆ ಸಾಲು ಕರಗಿ, ಷಟರ್ ಸುತ್ತ ಒಂದು ದೊಡ್ಡ ಗುಂಪಾಗಿತ್ತು. ಅದರ ಮೇಲೆ ಧ್ವನಿವರ್ಧಕ ಬೇರೆ: ಕೆಲವೇ ಟಿವಿಗಳಿವೆ, ಕೆಲವೇ ನಿಮಿಷಗಳಿವೆ ಎಂದು ಅದು ಕೂಗುತ್ತಲೇ ಇತ್ತು.

ಷಟರನ್ನು ಒಮ್ಮೆಲೇ ಪೂರ್ತಿ ಎತ್ತಲಿಲ್ಲ. ಸೊಂಟದೆತ್ತರಕ್ಕೆ ಬಂದು ನಿಂತಿತು. ಸ್ವಲ್ಪಸ್ವಲ್ಪವೇ ಜನರನ್ನು ಬಿಡುವ ಯೋಚನೆ ಅವರಿಗಿದ್ದಿರಬಹುದು. ಮುಂದಿದ್ದವರು ಬಗ್ಗಿ ನುಸುಳತೊಡಗಿದರು. ಬಗ್ಗಿದವರ ಬೆನ್ನ ಮೇಲೆ ಹಿಂದಿನವರು ಬಂದು ಬಿದ್ದರು. ನಾವು ಷಟರ್‌ನಿಂದ ನಾಲ್ಕೈದು ಸಾಲುಗಳ ಹಿಂದೆ ಇದ್ದೆವು. ಮೊದಲ ತಳ್ಳು ಬಂದಾಗ ನನ್ನ ಎಡಗೈ ಮಡಚಿದ ಹಾಗೆಯೇ ಎದೆಗೆ ಒತ್ತಿಕೊಂಡಿತು, ಬಲಗೈ ಕೆಳಗೇ ಸಿಕ್ಕಿಹಾಕಿಕೊಂಡಿತು. ಅದನ್ನು ಮೇಲೆತ್ತಲು ಆಗಲೇ ಇಲ್ಲ. ಎರಡನೆಯ ತಳ್ಳಿಗೆ ನನ್ನ ಪಾದಗಳು ನೆಲ ಬಿಟ್ಟವು. ನಾನು ನಡೆಯುತ್ತಿರಲಿಲ್ಲ, ಆದರೂ ಮುಂದಕ್ಕೆ ಹೋಗುತ್ತಿದ್ದೆ.

ಅಕ್ಕನ ದುಪಟ್ಟಾ ಯಾರದೋ ಕಾಲಡಿ ಸಿಕ್ಕಿತ್ತು. ಜನ ಮುಂದಕ್ಕೆ ಸರಿದಂತೆ ಅದು ಅವಳ ಕುತ್ತಿಗೆಗೆ ಬಿಗಿಯುತ್ತಿತ್ತು. ಅವಳ ಮುಖ ನನ್ನಿಂದ ಒಂದು ಗೇಣು ದೂರದಲ್ಲಿತ್ತು, ಆದರೆ ಬಿಡಿಸಲು ನನ್ನ ಕೈ ನನ್ನ ವಶದಲ್ಲಿರಲಿಲ್ಲ. ಪಕ್ಕದಲ್ಲಿದ್ದ ಒಬ್ಬ ಹಿರಿಯರು ಹಲ್ಲಿನಿಂದ ಅದನ್ನು ಎಳೆದು ಸಡಿಲಗೊಳಿಸಿದರು. ಅವರ ಕೈಗಳೂ ಸಿಕ್ಕಿಕೊಂಡಿದ್ದವು. ಆ ಮನುಷ್ಯ ಯಾರೆಂದು ನಮಗೆ ಇಂದಿಗೂ ಗೊತ್ತಿಲ್ಲ. "ಮಗು ಇದೆ, ಮಗು ಇದೆ" ಎಂದು ಒಬ್ಬ ತಾಯಿ ಕೂಗುತ್ತಿದ್ದರು. ದೊಡ್ಡವರ ಸೊಂಟದ ಮಟ್ಟದಲ್ಲಿ ಸಿಕ್ಕಿಕೊಂಡ ಮಗುವಿಗೆ ಗಾಳಿಯೂ ಇಲ್ಲ, ಬೆಳಕೂ ಇಲ್ಲ. ಅದನ್ನು ತಲೆಗಳ ಮೇಲಿಂದ ಕೈಯಿಂದ ಕೈಗೆ ದಾಟಿಸಿ ಹೊರಗೆ ಕಳಿಸಿದರು. ಹಾಗೆ ದಾಟಿಸಿದವರೂ ಅದೇ ಗುಂಪಿನವರು, ಟಿವಿಗೆಂದೇ ಬಂದವರು.

ಈ ಕೊನೆಯ ಮಾತನ್ನು ಒತ್ತಿ ಹೇಳಬೇಕು. ಇಂಥ ಸುದ್ದಿ ಬಂದಾಗಲೆಲ್ಲ "ಜನರಿಗೆ ದುರಾಸೆ", "ಪ್ರಾಣಿಗಳ ಹಾಗೆ ಆಡುತ್ತಾರೆ" ಎಂದು ಹೇಳಿ ಮುಗಿಸಿಬಿಡುತ್ತಾರೆ. ನಮ್ಮ ದೂರಿಗೆ ಅಂಗಡಿಯವರು ಕೊಟ್ಟ ಉತ್ತರವೂ ಇದೇ: ತಳ್ಳಿದವರು ಸಾರ್ವಜನಿಕರು, ನಾವಲ್ಲ. ನಾನು ಇದನ್ನು ಒಪ್ಪುವುದಿಲ್ಲ. ಹಿಂದೆ ನಿಂತವರಿಗೆ ಮುಂದೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಅವರಿಗೆ ಕಾಣುವುದು ಬಾಗಿಲು ತೆರೆದಿದೆ, ಜನ ಚಲಿಸುತ್ತಿದ್ದಾರೆ ಎಂಬುದಷ್ಟೇ. ಒಬ್ಬೊಬ್ಬರೂ ಅರ್ಧ ಹೆಜ್ಜೆ ಮುಂದಿಟ್ಟರೆ ಸಾಕು, ಆ ಅರ್ಧ ಹೆಜ್ಜೆಗಳೆಲ್ಲ ಕೂಡಿ ಮುಂದಿರುವವರ ಎದೆಯ ಮೇಲೆ ಬೀಳುತ್ತವೆ. ಮುಂದಿನವರ ಕೂಗು ಹಿಂದಿನವರಿಗೆ ಸಂಭ್ರಮದ ಗದ್ದಲದಂತೆಯೇ ಕೇಳುತ್ತದೆ.

ಜನಸಂದಣಿಯ ಬಗ್ಗೆ ಬಹಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಎಂಜಿನಿಯರ್ ಜಾನ್ ಫ್ರೂಯಿನ್, ಆಪತ್ತಿನಿಂದ ಓಡಿಹೋಗುವ ಗುಂಪನ್ನೂ, ಬೇಕಾದುದೊಂದರ ಕಡೆಗೆ ಪೈಪೋಟಿಯಿಂದ ನುಗ್ಗುವ ಗುಂಪನ್ನೂ ಬೇರೆಬೇರೆಯಾಗಿಯೇ ನೋಡಿದರು. ಸೇಲ್ ಬಾಗಿಲಿನ ಗುಂಪು ಎರಡನೆಯದು. ಇಲ್ಲಿ ಯಾರೂ ಹೆದರಿರುವುದಿಲ್ಲ, ಹಾಗಾಗಿ ಅಪಾಯ ಬಂದದ್ದು ಯಾರಿಗೂ ತಿಳಿಯುವುದಿಲ್ಲ. ಒಂದು ಚದರ ಮೀಟರಿನಲ್ಲಿ ಇಬ್ಬರು ಮೂವರು ನಿಂತರೆ ಆರಾಮವಾಗಿ ಓಡಾಡಬಹುದು. ಐದು ಜನರಾದರೆ ಅಪಾಯ ಶುರುವಾಯಿತು. ಆರೇಳು ಜನ ತುಂಬಿಕೊಂಡರೆ ಗುಂಪು ನೀರಿನಂತೆ ವರ್ತಿಸುತ್ತದೆ: ಒಂದು ಕಡೆ ತಳ್ಳಿದ್ದು ಅಲೆಯಾಗಿ ಇನ್ನೊಂದು ಕಡೆ ಬಂದು ಅಪ್ಪಳಿಸುತ್ತದೆ, ಯಾರಿಗೂ ತಮ್ಮ ದೇಹದ ಮೇಲೆ ಹತೋಟಿ ಇರುವುದಿಲ್ಲ. ಉಕ್ಕಿನ ಕಂಬಿಗಳನ್ನೇ ಬಗ್ಗಿಸುವಷ್ಟು ಬಲ ಆ ಒತ್ತಡಕ್ಕಿರುತ್ತದೆ. ಉಸಿರೆಳೆದುಕೊಳ್ಳಲು ಎದೆ ಹಿಗ್ಗಬೇಕು. ಹಿಗ್ಗಲು ಜಾಗವೇ ಇಲ್ಲದಿದ್ದರೆ ನಿಂತಲ್ಲೇ ಉಸಿರು ಕಟ್ಟುತ್ತದೆ. ಇಂಥ ದುರಂತಗಳಲ್ಲಿ ಬಹುತೇಕ ಸಾವುಗಳು ಹೀಗೆಯೇ ಆಗುತ್ತವೆ, ತುಳಿತದಿಂದ ಆಗುವುದು ಕಡಿಮೆ.

ಮಾರಾಟದ ಬಾಗಿಲಲ್ಲಿ ಜನ ಸತ್ತದ್ದು ಒಂದೇ ದೇಶದಲ್ಲಿ ಅಲ್ಲ. 2004ರಲ್ಲಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಪೀಠೋಪಕರಣಗಳ ಮಳಿಗೆಯೊಂದು ಮೊದಲು ಬಂದವರಿಗೆ ಕೂಪನ್ ಕೊಡುತ್ತೇನೆಂದಾಗ ನೂಕುನುಗ್ಗಲಾಗಿ ಮೂವರು ಸತ್ತರು. ಮರುವರ್ಷ ಲಂಡನ್ನಿನ ಎಡ್ಮಂಟನ್‌ನಲ್ಲಿ ಅದೇ ಸಂಸ್ಥೆಯ ಹೊಸ ಮಳಿಗೆ ನಡುರಾತ್ರಿ ಬಾಗಿಲು ತೆರೆದು, ಸಾವಿರಾರು ಜನ ನುಗ್ಗಿದ್ದರಿಂದ ಸುಮಾರು ಅರ್ಧ ಗಂಟೆಯಲ್ಲೇ ಮುಚ್ಚಬೇಕಾಯಿತು. 2007ರ ನವೆಂಬರಿನಲ್ಲಿ ಚೀನಾದ ಚಾಂಗ್‌ಕಿಂಗ್‌ನಲ್ಲಿ ಅಡುಗೆ ಎಣ್ಣೆಯ ರಿಯಾಯಿತಿಗೆ ಸೇರಿದ್ದ ಗುಂಪಿನಲ್ಲಿ 3 ಜನ ಸತ್ತು 31 ಜನ ಗಾಯಗೊಂಡರು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು 2008ರ ನವೆಂಬರ್ 28ರ ಘಟನೆ. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ, ಬ್ಲ್ಯಾಕ್ ಫ್ರೈಡೇ ಎಂದು ಕರೆಯುವ ಶುಕ್ರವಾರ, ದೊಡ್ಡ ಮಾರಾಟ ನಡೆಯುತ್ತದೆ. ನ್ಯೂಯಾರ್ಕ್ ರಾಜ್ಯದ ವ್ಯಾಲಿ ಸ್ಟ್ರೀಮ್‌ನಲ್ಲಿ ವಾಲ್‌ಮಾರ್ಟ್ ಮಳಿಗೆಯ ಮುಂದೆ ಸುಮಾರು ಎರಡು ಸಾವಿರ ಜನ ಸೇರಿದ್ದರು. ಬೆಳಗಿನ ಐದು ಗಂಟೆಯ ಹೊತ್ತಿಗೆ ಬಾಗಿಲು ಮುರಿದು ಗುಂಪು ಒಳಗೆ ಬಂತು. ಬಾಗಿಲ ಬಳಿ ನಿಂತಿದ್ದ 34 ವರ್ಷದ ಒಬ್ಬ ತಾತ್ಕಾಲಿಕ ಕೆಲಸಗಾರ ಅದರಡಿ ಸಿಕ್ಕಿ ಉಸಿರುಕಟ್ಟಿ ಸತ್ತುಹೋದರು. ಆತ ಏನನ್ನೂ ಕೊಳ್ಳಲು ಬಂದವರಲ್ಲ. ಬಾಗಿಲು ಕಾಯುವುದು ಅವರ ಅಂದಿನ ಕೆಲಸವಾಗಿತ್ತು. ಕಾರ್ಮಿಕರ ಸುರಕ್ಷತೆಯನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಓಶಾ ಮರುವರ್ಷ ಕಂಪನಿಗೆ 7,000 ಡಾಲರ್ ದಂಡ ಹಾಕಿತು. ಆ ಕಂಪನಿಗೆ ಅದು ಲೆಕ್ಕಕ್ಕೇ ಇಲ್ಲದ ಮೊತ್ತ, ಆದರೂ ಅದರ ವಿರುದ್ಧ ಅದು ವರ್ಷಗಟ್ಟಲೆ ಹೋರಾಡಿತು.

ಆ ಸಾವಿನ ಬಳಿಕ ಓಶಾ ಅಂಗಡಿಗಳಿಗೆ ಒಂದು ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಇರುವುದೆಲ್ಲ ಸಾಮಾನ್ಯ ವಿಷಯಗಳೇ. ಜನ ಬರುವ ಮೊದಲೇ ಬ್ಯಾರಿಕೇಡ್ ಹಾಕಬೇಕು. ಅದರ ಸಾಲು ನೇರವಾಗಿ ಬಾಗಿಲಿಗೇ ಬರಬಾರದು, ತಿರುವುಗಳಿರಬೇಕು, ನಡುನಡುವೆ ಹೊರಹೋಗಲು ತೆರವಿರಬೇಕು. ಸೀಮಿತ ಸಂಖ್ಯೆಯ ಸಾಮಾನಿಗೆ ಟೋಕನ್ ಅಥವಾ ಕೈಪಟ್ಟಿ ಕೊಡಬೇಕು. ತುರ್ತು ಬಾಗಿಲುಗಳಿಗೆ ಬೀಗ ಹಾಕಬಾರದು, ಅವಕ್ಕೆ ಅಡ್ಡವಾಗಿ ಏನನ್ನೂ ಇಡಬಾರದು. ತರಬೇತಿ ಪಡೆದ ಸಿಬ್ಬಂದಿ ಇರಬೇಕು. ಇವುಗಳಲ್ಲಿ ಟೋಕನ್ನನ್ನೇ ನಾನು ಅತಿ ಮುಖ್ಯ ಎನ್ನುತ್ತೇನೆ. ಮೂವತ್ತು ಟಿವಿಗಳಿದ್ದರೆ ಮೂವತ್ತು ಟೋಕನ್ ಹಂಚಿ, ಉಳಿದವರಿಗೆ ಮುಗಿಯಿತು ಎಂದು ಹೇಳಿಬಿಟ್ಟರೆ ಯಾರೂ ಓಡುವ ಅಗತ್ಯವೇ ಬರುವುದಿಲ್ಲ. ಟೋಕನ್ ಇಲ್ಲದೆ, ಎಷ್ಟು ಸಾಮಾನಿದೆ ಎಂದೂ ತಿಳಿಸದೆ ಬಾಗಿಲು ತೆರೆಯುವವರು ಆ ಓಟವನ್ನು ಕೈಯಾರೆ ಹುಟ್ಟಿಸುತ್ತಾರೆ. ನಾವು ಹೋಗಿದ್ದ ಅಂಗಡಿಯಲ್ಲಿ ಮೇಲೆ ಹೇಳಿದ ಒಂದೂ ಇರಲಿಲ್ಲ. ಸೀಟಿ ಹಿಡಿದ ಒಬ್ಬ ಯುವಕನನ್ನು ಷಟರ್ ಮುಂದೆ ನಿಲ್ಲಿಸಿದ್ದರು. ಅವನಿಗೂ ಏಟು ಬಿದ್ದಿತ್ತು.

ಇನ್ನು ಹೋಗಲೇಬೇಕೆನ್ನುವವರು ಗಮನಿಸಬೇಕಾದ ಗುರುತುಗಳನ್ನು ಹೇಳುತ್ತೇನೆ. ಎರಡೂ ಭುಜಗಳಿಗೆ ಅಪರಿಚಿತರ ಮೈ ತಗುಲುತ್ತಿದ್ದರೆ, ಕೈಯೆತ್ತಿ ಮುಖ ಒರೆಸಿಕೊಳ್ಳುವುದು ಕಷ್ಟವಾದರೆ, ಆಗಲೇ ಹೊರಡಿ. ನೀವು ಅಲುಗದಿದ್ದರೂ ಗುಂಪಿನೊಂದಿಗೆ ಮೈ ಓಲಾಡುತ್ತಿದ್ದರೆ ತಡವಾಗಿದೆ ಎಂದೇ ತಿಳಿಯಿರಿ, ಆದರೂ ಅಂಚಿನ ಕಡೆ ಸರಿಯಲು ಪ್ರಯತ್ನಿಸಿ. ಎಷ್ಟು ಹೊತ್ತು ಕಾದಿದ್ದೀರಿ ಎಂಬ ಲೆಕ್ಕ ಆಗ ಮನಸ್ಸಿಗೆ ಬರುತ್ತದೆ, ಜಾಗ ಬಿಡಲು ಮನಸ್ಸಾಗುವುದಿಲ್ಲ. ಅಲ್ಲಿಂದ ಹೊರಟವರು ಕಳೆದುಕೊಳ್ಳುವುದು ಒಂದು ರಿಯಾಯಿತಿಯನ್ನು, ಅಷ್ಟೇ.

ಸಿಕ್ಕಿಕೊಂಡರೆ ಮೊದಲು ಕೈಗಳನ್ನು ಮಡಚಿ ಎದೆಯ ಮುಂದೆ ತನ್ನಿ. ಎದೆಗೂ ಮುಂದಿನವರ ಬೆನ್ನಿಗೂ ನಡುವೆ ಉಸಿರಾಡುವಷ್ಟು ಜಾಗ ಉಳಿಯಬೇಕು. ತಳ್ಳು ಬಂದಾಗ ಎದುರು ತಳ್ಳಬೇಡಿ, ಅದರೊಂದಿಗೇ ಹೋಗಿ. ಎರಡು ತಳ್ಳುಗಳ ನಡುವೆ ಒಂದು ಕ್ಷಣ ಸಡಿಲ ಸಿಗುತ್ತದೆ. ಆಗ ಓರೆಯಾಗಿ, ಸ್ವಲ್ಪಸ್ವಲ್ಪವಾಗಿ ಅಂಚಿನತ್ತ ಸರಿಯಿರಿ. ಗೋಡೆ, ಕಂಬ, ಷಟರ್ ಇವುಗಳಿಗೆ ಮೈ ಒತ್ತದ ಹಾಗೆ ನೋಡಿಕೊಳ್ಳಿ. ಸುಮ್ಮನೆ ಕಿರುಚಿ ಉಸಿರು ಖರ್ಚು ಮಾಡಬೇಡಿ. ಮೊಬೈಲ್ ಬಿದ್ದರೆ ಬೀಳಲಿ, ಚಪ್ಪಲಿ ಹೋದರೆ ಹೋಗಲಿ, ಬಗ್ಗಲೇಬೇಡಿ. ಬಿದ್ದು ಏಳಲಾಗದಿದ್ದರೆ ಬೆನ್ನ ಮೇಲಾಗಲಿ ಹೊಟ್ಟೆಯ ಮೇಲಾಗಲಿ ಮಲಗದೆ, ಪಕ್ಕಕ್ಕೆ ಹೊರಳಿ ಮೊಣಕಾಲು ಮಡಚಿಕೊಂಡು, ಕೈಗಳಿಂದ ತಲೆ ಮುಚ್ಚಿಕೊಳ್ಳಿ. ದುಪಟ್ಟಾ, ಮಫ್ಲರ್, ಕುತ್ತಿಗೆಗೆ ಅಡ್ಡಲಾಗಿ ಹಾಕಿದ ಬ್ಯಾಗು ಇವನ್ನೆಲ್ಲ ಮನೆಯಲ್ಲೇ ಬಿಡಿ. ಮಕ್ಕಳನ್ನಂತೂ ಕರೆದುಕೊಂಡು ಹೋಗಲೇಬೇಡಿ, ಕೈಹಿಡಿದುಕೊಂಡರೆ ಸಾಕು ಎಂಬ ಧೈರ್ಯ ಆ ಒತ್ತಡದಲ್ಲಿ ಉಪಯೋಗಕ್ಕೆ ಬರುವುದಿಲ್ಲ. ವಯಸ್ಸಾದವರಿಗೂ ಗರ್ಭಿಣಿಯರಿಗೂ ಇದೇ ಮಾತು.

ಹೊರಗೆ ಬಂದ ಮೇಲಿನ ವಿಷಯವನ್ನೂ ಹೇಳಬೇಕು. ಅಕ್ಕ ಅಂದು "ಏನೂ ಆಗಿಲ್ಲ, ಸ್ವಲ್ಪ ಮೈಕೈ ನೋವು" ಎಂದಳು. ಸಂಜೆಯ ಹೊತ್ತಿಗೆ ನಗುವುದಕ್ಕೂ ಕೆಮ್ಮುವುದಕ್ಕೂ ಆಗದೆ ಪಕ್ಕೆ ಹಿಡಿದುಕೊಂಡು ಕುಳಿತಿದ್ದಳು. ಎಕ್ಸ್‌ರೇ ತೆಗೆಸಿದಾಗಲೇ ಬಿರುಕು ಗೊತ್ತಾದದ್ದು. ಹಲವು ವಾರ ಅವಳು ಮಗ್ಗುಲು ಬದಲಿಸುವಾಗಲೆಲ್ಲ ಎಚ್ಚರವಾಗುತ್ತಿದ್ದಳು. ಆಳವಾಗಿ ಉಸಿರೆಳೆದಾಗ ಎದೆ ನೋಯುತ್ತಿದ್ದರೆ, ತಲೆ ತಿರುಗುತ್ತಿದ್ದರೆ, ಗುಂಪಿನಲ್ಲಿ ಒಂದು ಕ್ಷಣವಾದರೂ ಪ್ರಜ್ಞೆ ತಪ್ಪಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಸೇಲ್‌ಗೆ ಹೋಗುವ ಹಿಂದಿನ ದಿನ ಅಂಗಡಿಗೆ ಫೋನ್ ಮಾಡಿ ವಿಚಾರಿಸಿ: ಟೋಕನ್ ಕೊಡುತ್ತೀರಾ? ಎಷ್ಟು ಹೊತ್ತಿಗೆ ಕೊಡುತ್ತೀರಿ? ಸಾಲಿಗೆ ಬ್ಯಾರಿಕೇಡ್ ಇರುತ್ತದೆಯೇ? ಇನ್ನೊಂದು ಬಾಗಿಲು ಎಲ್ಲಿದೆ? ಅದು ತೆರೆದಿರುತ್ತದೆಯೇ? ಕೇಳುವವರು ಹೆಚ್ಚಾದಷ್ಟೂ ಅಂಗಡಿಯವರು ಉತ್ತರ ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ. "ಅದೆಲ್ಲ ನಾಳೆ ನೋಡೋಣ, ನೀವು ಬೇಗ ಬನ್ನಿ" ಎಂಬ ಉತ್ತರ ಬಂದರೆ ಆ ಬಾಗಿಲಿಗೆ ಹೋಗಬೇಡಿ. ನಿಮ್ಮ ಮನೆಯವರನ್ನೂ ಹೋಗಲು ಬಿಡಬೇಡಿ.