ಹ್ಯೂಸ್ಟನ್ ಅಪಾರ್ಟ್‌ಮೆಂಟಿಂದ ಶಿಕಾರಿಗೆ: ಹಂದಿ, ಬೆಳವ, ಕ್ಯಾಂಪು, ಅಳಿಲು, ಯಾವುದರಿಂದ ಶುರು ಮಾಡೋದು?

ಇಲ್ಲಿ ಹ್ಯೂಸ್ಟನ್ನಲ್ಲಿರೋ ನಮ್ಮ ಕಡೆ ಹುಡುಗ್ರು ಆಗಾಗ ಕೇಳ್ತಿರ್ತಾರೆ, ಪರಿಚಯದ ರಾಂಚ್ (ದೊಡ್ಡ ಖಾಸಗಿ ಜಮೀನು) ಒಂದೂ ಇಲ್ಲ, ಗನ್ ಹಿಡಿದು ಗೊತ್ತಿಲ್ಲ, ಅಪಾರ್ಟ್‌ಮೆಂಟಲ್ಲಿ ಇದ್ಕೊಂಡು ಶಿಕಾರಿ ಹೆಂಗೆ ಶುರು ಮಾಡೋದು ಅಂತ. ಮೂರು ಸೀಸನ್ನಲ್ಲಿ ನಾನು ನಾಲ್ಕು ದಾರಿ ನೋಡಿದೀನಿ. ದುಡ್ಡು ಕೊಟ್ಟು ರಾಂಚಲ್ಲಿ ಕಾಡುಹಂದಿ, ಒಂದು ದಿನದ ಬೆಳವದ (ಡವ್ ಹಕ್ಕಿ) ಶಿಕಾರಿ, ಹೊಸಬರಿಗೆ ಕಲಿಸೋ ವೀಕೆಂಡ್ ಕ್ಯಾಂಪು, ಆಮೇಲೆ ಒಬ್ನೇ ನ್ಯಾಷನಲ್ ಫಾರೆಸ್ಟಿಗೆ (ಸರ್ಕಾರಿ ಕಾಡಿಗೆ) ಹೋಗಿ ಅಳಿಲು. ನನ್ನ ಕೇಳಿದ್ರೆ ಅಳಿಲಿಂದ ಶುರು ಮಾಡಿ, ಯಾಕೆ ಅಂತ ಹೇಳ್ತೀನಿ.

ನಮ್ಮೂರು ಮೂಡಿಗೆರೆ ಹತ್ರ. ಅಜ್ಜನ ಹತ್ರ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರೋ ಒಂಟಿ ನಳಿಗೆ ಕೋವಿ ಇತ್ತು, ಎಲೆಕ್ಷನ್ ಬಂದಾಗೆಲ್ಲ ಸ್ಟೇಷನ್ನಿಗೆ ಕೊಟ್ಟು ಬರ್ತಿದ್ರು. 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ನಮ್ಮನೇಲಿ ಶಿಕಾರಿ ನಿಂತೋಯ್ತು, ನಾನು ಹುಟ್ಟೋ ಹೊತ್ತಿಗೆ ಉಳಿದಿದ್ದು ಮರಸು ಕೂತ, ಅಂದ್ರೆ ಅಡಗಿ ಕೂತು ಪ್ರಾಣಿಗೆ ಕಾದ ಕಥೆಗಳು ಅಷ್ಟೇ. ಊರಲ್ಲಿ ಇವತ್ತೂ ಅದು ಅಪರಾಧ, ಆಗಿರಬೇಕಾದ್ದೂ ಹೌದು. ಇಲ್ಲಿ ಕಾನೂನೇ ಸೀಸನ್ನು, ಲಿಮಿಟ್ಟು ಎಲ್ಲ ಬರೆದಿಟ್ಟು ಅವಕಾಶ ಕೊಟ್ಟಿರೋದಕ್ಕೇ ನಾನು ಇದಕ್ಕೆ ಇಳಿದಿದ್ದು.

ಮೊದಲು ಪೇಪರ್ ಕೆಲಸ, ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ. ಎಚ್-1ಬಿ ಥರದ ವೀಸಾ ಮೇಲಿರೋರು ಫೆಡರಲ್ ಕಾನೂನು ಪ್ರಕಾರ ಗನ್ ಆಗ್ಲಿ ತೋಟಾ ಆಗ್ಲಿ ಇಟ್ಕೊಳ್ಳೋಹಾಗಿಲ್ಲ, ಚಾಲ್ತೀಲಿರೋ ಹಂಟಿಂಗ್ ಲೈಸೆನ್ಸ್ ಇದ್ರೆ ಅದಕ್ಕೆ ವಿನಾಯಿತಿ ಇದೆ. ಟೆಕ್ಸಾಸ್ ಲೈಸೆನ್ಸು ಆಗಸ್ಟ್ 31ಕ್ಕೆ ಮುಗಿಯುತ್ತೆ, ಅವತ್ತಿಗೆ ಮುಂಚೆ ರಿನ್ಯೂ ಮಾಡದೆ ಗನ್ ಮನೇಲಿ ಇಟ್ಕೊಂಡ್ರೆ ವೀಸಾನೇ ಕೈತಪ್ಪೋ ವಿಷಯ ಇದು. ಆರು ತಿಂಗಳಿಂದ ಇಲ್ಲೇ ವಾಸ ಇದ್ರೆ ರೆಸಿಡೆಂಟ್ ರೇಟು 25 ಡಾಲರ್, ಇಲ್ದಿದ್ರೆ 315. ನಮ್ಮ ವಯಸ್ಸಿನೋರಿಗೆಲ್ಲ ಹಂಟರ್ ಎಜುಕೇಶನ್ ಕೋರ್ಸ್ ಕಡ್ಡಾಯ, 17 ದಾಟಿದೋರು ಪೂರ್ತಿ ಆನ್‌ಲೈನಲ್ಲೇ ಮುಗಿಸಬಹುದು.

ಈಗ ಹಂದಿ. ಸ್ಪೇನಿನವರು 1500ರ ಕಾಲದಲ್ಲಿ ಈ ಕಡೆ ತಂದ ಹಂದಿಗಳ ಸಂತತಿ, ಈಗ ಟೆಕ್ಸಾಸಲ್ಲಿ ಲಕ್ಷಾಂತರ ಆಗಿ ಹೊಲ ಎಲ್ಲ ಉತ್ತು ಹಾಕ್ತಾವೆ, ಹಂಗಾಗಿ ಸೀಸನ್ನೂ ಇಲ್ಲ ಲಿಮಿಟ್ಟೂ ಇಲ್ಲ. ಖಾಸಗಿ ಜಾಗದಲ್ಲಿ ಮಾಲೀಕರ ಒಪ್ಪಿಗೆ ಇದ್ರೆ 2019ರಿಂದ ಲೈಸೆನ್ಸೂ ಬೇಕಿಲ್ಲ (ವೀಸಾ ಮೇಲಿರೋರು ಮಾತ್ರ ಮೇಲಿನ ಕಾರಣಕ್ಕೆ ಲೈಸೆನ್ಸ್ ಇಲ್ದೆ ಗನ್ ಮುಟ್ಟಬೇಡಿ). ನಾನು 350 ಡಾಲರ್ ಕೊಟ್ಟಿದ್ದೆ. ಮರದ ಗೂಡಲ್ಲಿ ಕೂರಿಸಿದ್ರು, ಎದುರಿಗೆ ಟೈಮರ್ ಇಟ್ಟ ಡಬ್ಬಿ, ಟೈಮಿಗೆ ಸರಿಯಾಗಿ ಮೆಕ್ಕೆಜೋಳ ಉದುರಿಸುತ್ತೆ, ಹಂದಿಗಳು ಬಂದ್ವು, ಅವರದ್ದೇ ರೈಫಲ್ಲಲ್ಲಿ ಒಂದು ಈಡು ಹೊಡೆದೆ, ಒಂದು ಬಿತ್ತು. ಕತ್ತಲಾಗ್ತಾ ಇತ್ತು, ಗೈಡು ಇನ್ನೊಂದು ಹೊಡಿ ಹೊಡಿ ಅಂತ ಅವಸರ ಮಾಡಿದ, ನಾನೂ ಕೇಳಿಬಿಟ್ಟೆ, ಅದು ಗಾಯ ಆಗಿ ಹಳುವಿಗೆ ನುಗ್ಗಿ ಹೋಯ್ತು. ಹುಡುಕೋಣ ಅಂದ್ರೆ ಬಿಡು ಹಂದಿ ತಾನೇ ಅಂದ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ, ಈಗ್ಲೂ ನೆನಪಾದ್ರೆ ಸಂಕಟ ಆಗುತ್ತೆ. ಮಾಂಸ ಚೆನ್ನಾಗಿತ್ತು, ಕಾಚಂಪುಳಿ ಹಾಕಿ ಪಂದಿ ಕರಿ ಮಾಡಿದ್ವಿ. ಬ್ರುಸೆಲ್ಲೋಸಿಸ್ (ಹಂದಿಯಿಂದ ಮನುಷ್ಯರಿಗೆ ಹರಡೋ ಒಂದು ಬ್ಯಾಕ್ಟೀರಿಯಾ ರೋಗ) ಬರೋ ಅಪಾಯ ಇದೆ, ಹಸಿ ಮಾಂಸ ಮುಟ್ಟೋವಾಗ ಗ್ಲೌಸ್ ಹಾಕ್ಕೊಳ್ಳಿ, ಚೆನ್ನಾಗಿ ಬೇಯಿಸಿ. ಊರಿಗೆ ವಿಡಿಯೋ ಕಾಲ್ ಮಾಡಿದಾಗ ಅಜ್ಜಿ ಕೇಳಿದ್ದು ಒಂದೇ, "ಯಾವ ದಾರೀಲಿ ಬಂತು ಮಗಾ, ಗಾಳಿ ಯಾವ ಕಡೆ ಇತ್ತು?" ನಂಗೆ ಗೊತ್ತಿರ್ಲಿಲ್ಲ. ಗೈಡು ಕೂರಿಸಿದ ಕಡೆ ಕೂತಿದ್ದೆ, ಚರ್ಮ ಸುಲಿದಿದ್ದೂ ಅವರೇ.

ಬೆಳವದ್ದು ಬೇಗ ಹೇಳಿ ಮುಗಿಸ್ತೀನಿ. ಟೆಕ್ಸಾಸಿನ ಉತ್ತರ ಮತ್ತೆ ಸೆಂಟ್ರಲ್ ಝೋನಲ್ಲಿ ಸೆಪ್ಟೆಂಬರ್ 1ಕ್ಕೆ ಓಪನ್, ದಿನಕ್ಕೆ 15 ಹಕ್ಕಿ ಲಿಮಿಟ್, ಲೈಸೆನ್ಸ್ ಜೊತೆ ವಲಸೆ ಹಕ್ಕಿ ಎಂಡಾರ್ಸ್‌ಮೆಂಟ್ (ಲೈಸೆನ್ಸಿಗೆ ಸೇರಿಸೋ ಹೆಚ್ಚುವರಿ ಅನುಮತಿ) 7 ಡಾಲರ್, ಶಾಟ್‌ಗನ್ನಲ್ಲಿ ಮೂರು ತೋಟಾಕ್ಕಿಂತ ಜಾಸ್ತಿ ಹಿಡಿಯದ ಹಾಗೆ ಪ್ಲಗ್ ಇರಬೇಕು. ಬ್ರೆನ್ಹಮ್ ಕಡೆ ಸೂರ್ಯಕಾಂತಿ ಹೊಲದಲ್ಲಿ ಒಂದು ದಿನಕ್ಕೆ 125 ಡಾಲರ್ ಕೊಟ್ಟೆ. ಹಾರೋ ಹಕ್ಕಿ ಮುಂದೆ ಗುರಿ ಹಿಡಿಯೋದು ಕಲಿತೆ, ಸುಮಾರು ನೂರು ತೋಟಾಗೆ ಐದು ಹಕ್ಕಿ ಬಿತ್ತು. ಸುತ್ತ ಜನ ಇರ್ತಾರೆ, ಖುಷಿ ಇರುತ್ತೆ, ಒಂಟಿಯಾಗಿ ಭಯ ಆಗೋರಿಗೆ ಒಳ್ಳೇದು. ಬಿಸಿಲಲ್ಲಿ ಹಕ್ಕಿ ಕೆಡದೆ ಇರೋಕೆ ಐಸ್ ಜಾಸ್ತಿ ತಗೊಂಡು ಹೋಗಿ.

ಕ್ಯಾಂಪು ಅಂದ್ರೆ ಟೆಕ್ಸಾಸ್ ವೈಲ್ಡ್‌ಲೈಫ್ ಅಸೋಸಿಯೇಶನ್ನಿನ ಅಡಲ್ಟ್ ಲರ್ನ್ ಟು ಹಂಟ್ ಕಾರ್ಯಕ್ರಮ. ಕಲಿಸೋ ವಿಷಯದಲ್ಲಿ ಇದಕ್ಕೆ ಸಾಟಿ ಇಲ್ಲ. ಪಕ್ಕದಲ್ಲಿ ಅನುಭವಸ್ಥರೊಬ್ರು ಕೂತು, ಹೊಡಿ ಅನ್ನೋದಕ್ಕಿಂತ ಬೇಡ ತಡಿ ಅಂದಿದ್ದೇ ಹೆಚ್ಚು. ನಾನು ಹೊಡೆದ ಹೆಣ್ಣು ಜಿಂಕೆಯ ಹೊಟ್ಟೆ ಬಗೆದು ಕ್ಲೀನ್ ಮಾಡೋದನ್ನ ನನ್ನ ಕೈಲೇ ಮಾಡಿಸಿದ್ರು, ಕೈ ನಡುಗ್ತಿತ್ತು, ಅವರು ಸುಮ್ನೆ ಕಾದ್ರು. ತೊಂದ್ರೆ ಇರೋದು ವಾಪಸ್ ಬಂದ್ಮೇಲೆ. ಟೆಕ್ಸಾಸಲ್ಲಿ ನೂರಕ್ಕೆ 95 ಭಾಗ ಜಮೀನು ಖಾಸಗಿ, ಕಲಿತಿದ್ದನ್ನ ಮುಂದಿನ ವಾರ ಎಲ್ಲಿ ಮಾಡ್ತೀರ?

ಅಲ್ಲೇ ಅಳಿಲು ಗೆಲ್ಲೋದು. 48 ಡಾಲರ್ರಿನ ವಾರ್ಷಿಕ ಪಬ್ಲಿಕ್ ಹಂಟಿಂಗ್ ಪರ್ಮಿಟ್ ತಗೊಂಡ್ರೆ ಸ್ಯಾಮ್ ಹ್ಯೂಸ್ಟನ್ ನ್ಯಾಷನಲ್ ಫಾರೆಸ್ಟ್ ನಿಮ್ಮದು, ಸಿಟಿಯಿಂದ ಒಂದೂವರೆ ಗಂಟೆ ದೂರ, ಸುಮಾರು 1 ಲಕ್ಷ 63 ಸಾವಿರ ಎಕರೆ. ಪೂರ್ವ ಟೆಕ್ಸಾಸಲ್ಲಿ ಅಕ್ಟೋಬರ್ 1ರಿಂದ ಸೀಸನ್, ದಿನಕ್ಕೆ 10. ಎದೆ ಬೆನ್ನು ಎರಡೂ ಕಡೆ ಎದ್ದು ಕಾಣೋ ಕಿತ್ತಳೆ ಜಾಕೆಟ್ಟು, ತಲೆ ಮೇಲೂ ಕಿತ್ತಳೆ, ಇದು ಕಡ್ಡಾಯ. ಕ್ಯಾಂಪ್‌ಸೈಟಿಂದ, ಮನೆಗಳಿಂದ 150 ಗಜದೊಳಗೆ ಗುಂಡು ಹಾರಿಸೋಹಾಗಿಲ್ಲ, ಅಲ್ಲಿ ಹೈಕಿಂಗ್ ಮಾಡೋರೂ ಓಡಾಡ್ತಿರ್ತಾರೆ ಅನ್ನೋದು ತಲೇಲಿರಲಿ.

ಮೊದಲ ಮೂರು ಸಲ ಬರಿಗೈಲಿ ಬಂದೆ. ಪೈನ್ ಮರದ ಕೆಳಗೆ ಓಡಾಡ್ತಿದ್ದೆ, ಒಣಗಿದ ಎಲೆ ಮೇಲೆ ನನ್ನ ಕಾಲಿನ ಸದ್ದು ನಂಗೇ ಜೋರಾಗಿ ಕೇಳ್ತಿತ್ತು. ನಾಲ್ಕನೇ ಸಲ ಹಳ್ಳದ ಪಕ್ಕ ಓಕ್ ಮತ್ತೆ ಹಿಕರಿ ಮರ ಇರೋ ಕಡೆ ಕತ್ತಲಲ್ಲೇ ಹೋಗಿ, ದಪ್ಪ ಮರಕ್ಕೆ ಬೆನ್ನು ಕೊಟ್ಟು ಕೂತೆ, ಅಜ್ಜ ಹೇಳ್ತಿದ್ದ ಮರಸು ನೆನಪಾಯ್ತು. ಬೆಳಕು ಹರಿದು ಸ್ವಲ್ಪ ಹೊತ್ತಿಗೆ ಮೇಲಿಂದ ಟಪ ಟಪ ಅಂತ ಕಾಯಿ ಸಿಪ್ಪೆ ಉದುರೋ ಸದ್ದು, ನೋಡಿದ್ರೆ ಏನೂ ಕಾಣಲ್ಲ, ಇಪ್ಪತ್ತು ನಿಮಿಷ ಅಲ್ಲಾಡದೆ ಕೂತ್ಮೇಲೆ ಕೊಂಬೆ ಮೇಲೆ ಬಾಲ ಕಾಣ್ತು. ಒಂದೇ ಈಡು. ಎತ್ಕೊಂಡಾಗ ಇನ್ನೂ ಬೆಚ್ಚಗಿತ್ತು. ಬಾಲ ಮೆಟ್ಟಿ ಚರ್ಮ ಎಳೆಯೋದು ವಿಡಿಯೋ ನೋಡಿ ಕಲಿತಿದ್ದೆ, ಅವತ್ತು ಅರ್ಧ ಗಂಟೆ ತಗೊಂಡೆ, ಈಗ ಐದು ನಿಮಿಷ.

ಹಂದಿ ಶಿಕಾರಿ ಒಂದು ದಿನಕ್ಕೆ ಕೊಟ್ಟ ದುಡ್ಡಲ್ಲಿ ಇಲ್ಲಿ ನಾಲ್ಕು ಸೀಸನ್ ಓಡಾಡಬಹುದು. ಜಿಂಕೆಗೆ ಬೇಕಾದ ಎಲ್ಲಾನೂ, ಮರ ಓದೋದು, ಸುಮ್ನೆ ಕೂರೋದು, ಹೊಡೆದಿದ್ದನ್ನ ಹುಡುಕಿ ತರೋದು, ಈ ಪುಟ್ಟ ಪ್ರಾಣಿನೇ ಕಲಿಸ್ತು. ಕ್ಯಾಂಪಿಗೆ ಅರ್ಜಿ ಖಂಡಿತ ಹಾಕಿ, ಕಾಯೋ ಅಷ್ಟು ದಿನ ಕಾಡಿಗೆ ಹೋಗ್ತಿರಿ. ಮೊದಲೇ ರೈಫಲ್ ತಗೋಬೇಡಿ, ಸೆಕೆಂಡ್‌ಹ್ಯಾಂಡ್ 20 ಗೇಜ್ (ನಳಿಗೆ ಅಳತೆ) ಶಾಟ್‌ಗನ್ ಒಂದು ಸಾಕು, ಅಳಿಲಿಗೂ ಬೆಳವಕ್ಕೂ ಆಗುತ್ತೆ, ಅಪಾರ್ಟ್‌ಮೆಂಟಲ್ಲಿ ಇಡೋಕೆ ಬೀಗ ಹಾಕೋ ಪೆಟ್ಟಿಗೆ ಮಾತ್ರ ಅದರ ಜೊತೇಲೇ ತಗೊಳ್ಳಿ. ಅಳಿಲು ಮಾಂಸ ಗಟ್ಟಿ ಇರುತ್ತೆ, ಮೆಣಸು ಜಾಸ್ತಿ ಹಾಕಿ ಕುಕ್ಕರಲ್ಲಿ ಆರು ವಿಶಲ್ ಕೂಗ್ಸಿ, ಕಡುಬಿಗೆ ಚೆನ್ನಾಗಿ ಹೊಂದುತ್ತೆ.