ಸ್ವಂತ ಡೊಮೈನಿನಲ್ಲಿ ಇಮೇಲ್: ಹಲವು ವರ್ಷ ಬಳಸಿದ ಮೇಲಿನ ಅಭಿಪ್ರಾಯ

ಮೈಸೂರಿನ ಸರಸ್ವತಿಪುರಂನಲ್ಲಿ ಮನೆಯಿಂದಲೇ ಅನುವಾದ ಮತ್ತು ಕರಡು ತಿದ್ದುವ ಕೆಲಸ ಮಾಡುತ್ತೇನೆ. ಬರುವ ಕೆಲಸವೆಲ್ಲ ಇಮೇಲ್ ಮೂಲಕವೇ ಬರುತ್ತದೆ. ಹಿಂದೆ ಬ್ರಾಡ್‌ಬ್ಯಾಂಡ್ ಸಂಪರ್ಕದ ಜೊತೆಗೆ ಸಿಕ್ಕಿದ್ದ ವಿಳಾಸವೊಂದನ್ನು ಬಳಸುತ್ತಿದ್ದೆ. ಸಂಪರ್ಕ ಬದಲಾಯಿಸಿದಾಗ ವಿಳಾಸವೂ ಕೈತಪ್ಪಿ, ಹಳೆಯ ಗ್ರಾಹಕರಿಗೆಲ್ಲ ಹೊಸ ವಿಳಾಸ ತಿಳಿಸುವಷ್ಟರಲ್ಲಿ ಸಾಕುಸಾಕಾಯಿತು. ಆ ಫಜೀತಿ ಮತ್ತೆ ಬೇಡವೆಂದು ಮನೆತನದ ಹೆಸರಿನಲ್ಲಿ ಒಂದು ಡಾಟ್ ಇನ್ ಡೊಮೈನ್ (ಇಮೇಲ್ ವಿಳಾಸದಲ್ಲಿ @ ಚಿಹ್ನೆಯ ನಂತರ ಬರುವ ಹೆಸರು) ಕೊಂಡೆ. ಅಂದಿನಿಂದ ನನ್ನ ವಿಳಾಸ ಬದಲಾಗಿಲ್ಲ, ಆದರೆ ಅದರ ಹಿಂದೆ ಕೆಲಸ ಮಾಡುವ ಕಂಪನಿ ಬದಲಾಗಿದೆ. ಈ ವ್ಯವಸ್ಥೆಗೆ ಹಣ ಕೊಡುವುದಕ್ಕೆ ಇರುವ ಮುಖ್ಯ ಕಾರಣ ಇದೇ ಎಂಬುದು ನನ್ನ ಅನುಭವ.

ಡಾಟ್ ಇನ್ ಹೆಸರುಗಳ ನಿರ್ವಹಣೆ ನಿಕ್ಸಿ (ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ) ಸಂಸ್ಥೆಯದು. ನಾವು ಕೊಳ್ಳುವುದು ಹೆಸರನ್ನು ನೋಂದಾಯಿಸಿಕೊಡುವ ರಿಜಿಸ್ಟ್ರಾರ್ ಕಂಪನಿಗಳ ಮೂಲಕ. ಮೊದಲ ವರ್ಷದ ರಿಯಾಯಿತಿ ದರವನ್ನು ನೋಡಿ ಯಾರೂ ಮರುಳಾಗಬಾರದು. ಎರಡನೆಯ ವರ್ಷದಿಂದ ಅನ್ವಯಿಸುವ ನವೀಕರಣ ದರವನ್ನೂ ಅದರ ಮೇಲಿನ ಶೇ. 18ರ ಜಿಎಸ್‌ಟಿಯನ್ನೂ ಕೂಡಿಸಿ ನೋಡಿದ ನಂತರವೇ ರಿಜಿಸ್ಟ್ರಾರನ್ನು ಆಯ್ದುಕೊಳ್ಳುವುದು ಒಳ್ಳೆಯದು.

ಆರಂಭದಲ್ಲಿ ವೆಬ್ ಹೋಸ್ಟಿಂಗ್ (ಜಾಲತಾಣಕ್ಕೆ ಸರ್ವರಿನಲ್ಲಿ ಬಾಡಿಗೆಗೆ ಪಡೆಯುವ ಜಾಗ) ಜೊತೆಗೆ ಉಚಿತವಾಗಿ ಬಂದ ಇಮೇಲನ್ನೇ ಬಳಸಿದೆ. ಅಂಥ ಹೋಸ್ಟಿಂಗ್‌ನಲ್ಲಿ ಒಂದೇ ಸರ್ವರನ್ನು ಅನೇಕ ಗ್ರಾಹಕರು ಹಂಚಿಕೊಂಡಿರುತ್ತಾರೆ; ಅವರಲ್ಲಿ ಯಾರೋ ಒಬ್ಬರು ಸ್ಪ್ಯಾಮ್ ಕಳಿಸಿದರೂ ಆ ಸರ್ವರಿನ ಐಪಿ ವಿಳಾಸಕ್ಕೆ (ಅಂತರ್ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆಗೆ) ಕೆಟ್ಟ ಹೆಸರು ಬಂದು ಉಳಿದವರ ಪತ್ರಗಳೂ ಅನುಮಾನಕ್ಕೆ ಒಳಗಾಗುತ್ತವೆ. ನಾನು ಕಳಿಸಿದ ಬಿಲ್ಲುಗಳು ಬೆಂಗಳೂರಿನ ಪ್ರಕಾಶಕರ ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದಿರುತ್ತಿದ್ದವು. ಆ ಕಂಪನಿಯ ಸಹಾಯವಾಣಿಗೆ ಎಷ್ಟು ಬರೆದರೂ "ಪರಿಶೀಲಿಸುತ್ತಿದ್ದೇವೆ" ಎಂಬ ಉತ್ತರದಾಚೆಗೆ ಏನೂ ನಡೆಯದಿದ್ದುದರಿಂದ ಚೆನ್ನೈ ಮೂಲದ ಜೋಹೋ ಮೇಲ್‌ಗೆ ಬಂದೆ. ನಾನು ಸೇರಿದಾಗ ಅದರ ಉಚಿತ ಯೋಜನೆಯಲ್ಲಿ ಐವರು ಬಳಕೆದಾರರಿಗೆ ತಲಾ 5 ಜಿಬಿ ಜಾಗವಿತ್ತು, ಆದರೆ ಐಮ್ಯಾಪ್ ಸೌಲಭ್ಯವಿರಲಿಲ್ಲ. ಅಂದರೆ ಔಟ್‌ಲುಕ್, ಥಂಡರ್‌ಬರ್ಡ್ ಮುಂತಾದ ತಂತ್ರಾಂಶಗಳಲ್ಲಿ ಪತ್ರ ತೆರೆಯಲಾಗದು. ಅವರದೇ ಜಾಲತಾಣ ಅಥವಾ ಆ್ಯಪ್ ಬಳಸಬೇಕು. ಮಂಡ್ಯದಲ್ಲಿರುವ ನಮ್ಮಣ್ಣನಿಗೆ ಮೊಬೈಲಿನ ಆ್ಯಪ್ ಧಾರಾಳವಾಗಿ ಸಾಕಾಯಿತು. ನನಗೆ ಥಂಡರ್‌ಬರ್ಡ್ ಇಲ್ಲದೆ ಕೆಲಸ ಸಾಗದ ಕಾರಣ ಕೆಲವು ತಿಂಗಳ ನಂತರ ಹಣ ಕೊಡುವ ಯೋಜನೆಗೆ ಹೋದೆ.

ಸ್ಥಳಾಂತರದ ಕೆಲಸ ಜನ ಹೆದರುವಷ್ಟು ಕಷ್ಟದ್ದಲ್ಲ, ಆದರೆ ಕ್ರಮ ತಪ್ಪಬಾರದು. ಮೊದಲು ಹೊಸ ಕಡೆ ಅಂಚೆಪೆಟ್ಟಿಗೆಗಳನ್ನು ಸೃಷ್ಟಿಸಬೇಕು. ಒಂದು ದಿನ ಮುಂಚೆಯೇ ಡಿಎನ್‌ಎಸ್ ದಾಖಲೆಗಳ (ಡೊಮೈನಿನ ಪತ್ರ, ಜಾಲತಾಣ ಯಾವ ಸರ್ವರಿನಲ್ಲಿವೆ ಎಂದು ತಿಳಿಸುವ ದಾಖಲೆಗಳ) ಟಿಟಿಎಲ್ ಅವಧಿಯನ್ನು, ಅಂದರೆ ಬೇರೆ ಸರ್ವರುಗಳು ಅವುಗಳ ಪ್ರತಿಯನ್ನು ಇಟ್ಟುಕೊಳ್ಳುವ ಸಮಯವನ್ನು, ಇಳಿಸಬೇಕು. ಆಮೇಲೆ ಪತ್ರ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆಗಳನ್ನು ಬದಲಿಸಬೇಕು. ಬದಲಾವಣೆ ಎಲ್ಲೆಡೆ ತಲುಪುವವರೆಗೆ ಕೆಲವು ಪತ್ರಗಳು ಹಳೆಯ ಸರ್ವರಿಗೇ ಬರುವುದರಿಂದ ಹಳೆಯ ಖಾತೆಯನ್ನು ತಕ್ಷಣ ಮುಚ್ಚದೆ, ಅಲ್ಲಿನ ಪತ್ರಗಳನ್ನು ಕೊನೆಯದಾಗಿ ಇನ್ನೊಮ್ಮೆ ನಕಲು ಮಾಡಿಕೊಳ್ಳಬೇಕು. ಜೋಹೋ ಮೂರು ಎಂಎಕ್ಸ್ ದಾಖಲೆಗಳನ್ನು 10, 20, 50 ಎಂಬ ಆದ್ಯತಾ ಸಂಖ್ಯೆಗಳೊಡನೆ ಕೊಡುತ್ತದೆ. ಚಿಕ್ಕ ಸಂಖ್ಯೆಯ ಸರ್ವರಿಗೆ ಪತ್ರ ಮೊದಲು ಹೋಗುತ್ತದೆ. ತೊಡಕು ಬರುವುದು ಡಿಕಿಮ್ ದಾಖಲೆಯಲ್ಲಿ (ಪತ್ರದ ಡಿಜಿಟಲ್ ಸಹಿಯನ್ನು ಪರಿಶೀಲಿಸಲು ನೆರವಾಗುವ ದಾಖಲೆ). ಅದರ ಹೆಸರನ್ನು ಡೊಮೈನ್ ಸಮೇತ ಪೂರ್ತಿಯಾಗಿ ಅಂಟಿಸಿದರೆ, ಅನೇಕ ರಿಜಿಸ್ಟ್ರಾರುಗಳ ಪುಟವು ಡೊಮೈನನ್ನು ತಾನಾಗಿಯೇ ಮತ್ತೊಮ್ಮೆ ಜೋಡಿಸಿಬಿಡುತ್ತದೆ. ನೋಡಲು ಎಲ್ಲವೂ ಸರಿಯಾಗಿದ್ದರೂ ಪರಿಶೀಲನೆ ಮಾತ್ರ ವಿಫಲವಾಗುತ್ತಲೇ ಇರುತ್ತದೆ. ಹಾಗೆಯೇ ಹಳೆಯ ಕಂಪನಿಯ ಎಸ್‌ಪಿಎಫ್ ದಾಖಲೆಯನ್ನು (ಡೊಮೈನಿನ ಪರವಾಗಿ ಯಾವ ಸರ್ವರುಗಳು ಪತ್ರ ಕಳಿಸಬಹುದೆಂಬ ಪಟ್ಟಿಯನ್ನು) ತೆಗೆಯದೆ ಹೊಸದನ್ನು ಸೇರಿಸಿದರೆ ಒಂದೇ ಡೊಮೈನಿಗೆ ಎರಡು ಎಸ್‌ಪಿಎಫ್ ಆಗಿ, ನಿಯಮದ ಪ್ರಕಾರ ಎರಡೂ ನಿರುಪಯುಕ್ತವಾಗುತ್ತವೆ.

ಇಷ್ಟೆಲ್ಲ ಯಾಕೆ ಬೇಕೆಂದು ಕೇಳುವವರಿದ್ದಾರೆ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ತಮ್ಮ ಬಳಕೆದಾರರಿಗೆ ಪತ್ರ ಕಳಿಸುವ ಡೊಮೈನುಗಳಿಗೆ ಎಸ್‌ಪಿಎಫ್ ಅಥವಾ ಡಿಕಿಮ್ ಇರಲೇಬೇಕೆಂದು ವಿಧಿಸಿವೆ. ಸಗಟಾಗಿ ಕಳಿಸುವವರಿಗೆ ಎರಡರ ಜೊತೆಗೆ ಡಿಮಾರ್ಕ್ (ಆ ಪರಿಶೀಲನೆಗಳಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ತಿಳಿಸುವ ದಾಖಲೆ) ಕೂಡ ಕಡ್ಡಾಯ. ನಮ್ಮಂಥವರಿಗೆ ಆ ಕಡ್ಡಾಯ ಇಲ್ಲದಿದ್ದರೂ ಮೂರನ್ನೂ ಹಾಕಿದ ಮೇಲೆ ನನ್ನ ಪತ್ರಗಳು ಸ್ಪ್ಯಾಮಿಗೆ ಹೋದ ದೂರು ಬಂದಿಲ್ಲ.

ದಿನಬಳಕೆಯಲ್ಲಿ ನನಗೆ ಹಿಡಿಸಿದ್ದು ಒಂದೇ ಅಂಚೆಪೆಟ್ಟಿಗೆಗೆ ಹಲವು ವಿಳಾಸ ಇಟ್ಟುಕೊಳ್ಳುವ ಅಲಿಯಾಸ್ ಸೌಲಭ್ಯ. ಬಿಲ್ಲಿಗೊಂದು, ಆನ್‌ಲೈನ್ ಖರೀದಿಗೊಂದು ವಿಳಾಸ ಮಾಡಿಕೊಂಡಿದ್ದೇನೆ. ಯಾವುದಕ್ಕೆ ಕಸ ಬರುತ್ತದೆ ಎಂಬುದರ ಮೇಲೆ ವಿಳಾಸ ಸೋರಿದ್ದು ಎಲ್ಲಿಂದ ಎಂದು ತಿಳಿಯುತ್ತದೆ. ಕಿರಿಕಿರಿ ಇರುವುದು ಬಾಯಿಮಾತಿನಲ್ಲಿ ವಿಳಾಸ ಹೇಳುವಾಗ. ದೇವರಾಜ ಅರಸು ರಸ್ತೆಯ ಅಂಗಡಿಯೊಂದರಲ್ಲಿ ಬಿಲ್ ಮಾಡುತ್ತಿದ್ದ ಹುಡುಗ ಪೂರ್ತಿ ಬರೆದುಕೊಂಡು "ಕೊನೇಲಿ ಜೀಮೇಲ್ ಡಾಟ್ ಕಾಮ್ ಅಲ್ವಾ ಸಾರ್?" ಎಂದ. ಅಲ್ಲಪ್ಪಾ, ಇಷ್ಟೇ ಎಂದರೂ ನಂಬದೆ ಅದನ್ನೂ ಸೇರಿಸಿದ. ಆ ಬಿಲ್ಲು ಇಂದಿಗೂ ಬಂದಿಲ್ಲ.

ನಿಜವಾದ ಹೊಣೆ ಇರುವುದು ನವೀಕರಣದಲ್ಲಿ. ಅವಧಿ ಮುಗಿದ ಡೊಮೈನನ್ನು ಕೆಲಕಾಲದ ನಂತರ ಬೇರೆ ಯಾರಾದರೂ ಕೊಳ್ಳಬಹುದು. ಕೊಂಡವರಿಗೆ ನಮ್ಮ ಪತ್ರಗಳಷ್ಟೇ ಅಲ್ಲ, ಆ ವಿಳಾಸಕ್ಕೆ ಬರುವ ಪಾಸ್‌ವರ್ಡ್ ಬದಲಾವಣೆಯ ಕೊಂಡಿಗಳೂ ಸಿಗುತ್ತವೆ. ಕಾರ್ಡಿನಿಂದ ಹಣ ತಾನಾಗಿ ಕಡಿತವಾಗುತ್ತದೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. 2021ರ ಅಕ್ಟೋಬರ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ (ತಾನಾಗಿ ಹಣ ಕಡಿತವಾಗಲು ಗ್ರಾಹಕರು ಕೊಡುವ ಅನುಮತಿ) ನಿಯಮದ ನಂತರ, ಅದಕ್ಕೆ ಹೊಂದಿಕೊಳ್ಳದ ವಿದೇಶಿ ಕಂಪನಿಗಳ ಇಂಥ ಪಾವತಿಗಳು ತಿರಸ್ಕೃತವಾಗತೊಡಗಿದವು. ಆದ್ದರಿಂದ ಹಲವು ವರ್ಷಗಳ ಶುಲ್ಕವನ್ನು ಒಟ್ಟಿಗೆ ಕಟ್ಟಿದ್ದೇನೆ; 10 ವರ್ಷದವರೆಗೆ ಕಟ್ಟಲು ಅವಕಾಶವಿದೆ. ರಿಜಿಸ್ಟ್ರಾರ್ ಬಳಿ ನೀಡುವ ಸಂಪರ್ಕ ವಿಳಾಸ ಅದೇ ಡೊಮೈನಿನದಾಗಿದ್ದರೆ, ಡೊಮೈನ್ ನಿಂತ ದಿನವೇ ಎಚ್ಚರಿಕೆಯ ಪತ್ರಗಳೂ ನಿಲ್ಲುತ್ತವೆ. ಹಾಗಾಗಿ ಅಲ್ಲಿ ಜಿಮೇಲ್ ವಿಳಾಸ ಕೊಟ್ಟಿದ್ದೇನೆ, ಎರಡು ಹಂತದ ಲಾಗಿನ್ ಇಟ್ಟಿದ್ದೇನೆ, ವಿವರವನ್ನೆಲ್ಲ ಬರೆದು ಮನೆಯವರಿಗೆ ಗೊತ್ತಿರುವಂತೆ ಎಲ್‌ಐಸಿ ಪಾಲಿಸಿಗಳ ಕಡತದಲ್ಲಿ ಸೇರಿಸಿದ್ದೇನೆ. ಬ್ಯಾಂಕ್ ಖಾತೆ ಮತ್ತು ಆದಾಯ ತೆರಿಗೆಯ ವ್ಯವಹಾರಗಳನ್ನು ಮಾತ್ರ ಸ್ವಂತ ಡೊಮೈನಿಗೆ ತಂದಿಲ್ಲ, ತರುವ ಯೋಚನೆಯೂ ಇಲ್ಲ. ನಾನು ಇಲ್ಲದ ಕಾಲದಲ್ಲಿ ಯಾರಾದರೂ ನವೀಕರಣ ಮರೆತರೆ ನಷ್ಟ ಕೆಲಸದ ಪತ್ರಗಳಿಗಷ್ಟೇ ಸೀಮಿತವಾಗಿರಲಿ ಎಂಬುದು ನನ್ನ ಲೆಕ್ಕಾಚಾರ.