ಗೆದ್ದ ಕೋಚ್‌ಗೆ ಯಾವುದು ಸರಿ: ಇದ್ದ ಕ್ಲಬ್ಬೋ, ದುಡ್ಡಿರುವ ಹೊಸ ಕ್ಲಬ್ಬೋ?

ಅಮೆರಿಕದ ಫುಟ್‌ಬಾಲ್ ಲೀಗ್ ಆದ ಮೇಜರ್ ಲೀಗ್ ಸಾಕರ್‌ನಲ್ಲಿ ಇದಕ್ಕೆ ಕೋಚ್ ಜೇಸನ್ ಕ್ರೈಸ್ ಅವರನ್ನೇ ನೋಡಬೇಕು. ರಿಯಲ್ ಸಾಲ್ಟ್ ಲೇಕ್ ಕ್ಲಬ್ಬಿಗೆ 2009ರಲ್ಲಿ ಲೀಗಿನ ಕಪ್ ಗೆದ್ದುಕೊಟ್ಟರು, 2013ರಲ್ಲಿ ಫೈನಲ್‌ಗೆ ಒಯ್ದರು. ಆಮೇಲೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿನ ಮಾಲೀಕರು ಕಟ್ಟಿದ ನ್ಯೂಯಾರ್ಕ್ ಸಿಟಿ ಎಂಬ ಹೊಸ ಕ್ಲಬ್ಬಿಗೆ ಹೋದರು. 2015ರ ಮೊದಲ ಸೀಸನ್ ಮುಗಿಯುತ್ತಿದ್ದಂತೆ ಕೆಲಸ ಹೋಯಿತು.

ಸಂಬಳದಲ್ಲಿ ಹೊಸ ಕ್ಲಬ್ಬೇ ಮುಂದಿರುತ್ತದೆ, ಅದರಲ್ಲಿ ಚರ್ಚೆಯೇ ಬೇಡ.

ತಂಡದ ವಿಷಯ ಅಷ್ಟು ಸರಳವಲ್ಲ. ಲೀಗಿನಲ್ಲಿ ಆಟಗಾರರ ಸಂಬಳಕ್ಕೆ ಮಿತಿ ಇದೆ. ಮಾಲೀಕ ಎಷ್ಟೇ ಕುಬೇರನಾದರೂ ಮಿತಿ ಮೀರಿ ಸುರಿಯಬಹುದಾದದ್ದು ಬೆರಳೆಣಿಕೆಯ ತಾರೆಯರಿಗೆ. ನ್ಯೂಯಾರ್ಕ್‌ಗೆ ವಿಯಾ, ಲ್ಯಾಂಪಾರ್ಡ್, ಪಿರ್ಲೊರಂಥ ತಾರೆಯರು ಬಂದರು ನಿಜ. ಆದರೆ ಕೊನೆಯ ಇಬ್ಬರು ಬಂದದ್ದು ಸೀಸನ್ ನಡುವೆ. ಆಟ ಬೇಸ್‌ಬಾಲ್ ಅಂಗಳದಲ್ಲಿ! ಹಳೇ ಕ್ಲಬ್ಬಿನಲ್ಲಿ ಹೆಸರುವಾಸಿಗಳು ಕಮ್ಮಿ, ಹೊಂದಿಕೊಂಡ ತಂಡ ಇರುತ್ತದೆ.

ನನ್ನ ಪ್ರಕಾರ ನಿಜವಾದ ವ್ಯತ್ಯಾಸ ತಾಳ್ಮೆಯದು. ಕ್ರೈಸ್ ಕೋಚ್ ಆದ 2007ರಲ್ಲಿ ಸಾಲ್ಟ್ ಲೇಕ್ ತಂಡ ಪಶ್ಚಿಮ ವಿಭಾಗದಲ್ಲಿ ಕೊನೆಗಿತ್ತು, ಆದರೂ ಅವರನ್ನು ಉಳಿಸಿಕೊಂಡಿತು. ನ್ಯೂಯಾರ್ಕ್ ಕಾಯಲಿಲ್ಲ.

ಹಾಗಂತ ಹೊಸ ಕ್ಲಬ್ ಅಂದರೆ ಸೋಲೇ ಅಲ್ಲ: 2017ರಲ್ಲಿ ಲೀಗ್ ಸೇರಿದ ಅಟ್ಲಾಂಟಾ, ಕೋಚ್ ಮಾರ್ಟಿನೊ ಕೈಯಲ್ಲಿ ಮರುವರ್ಷವೇ ಕಪ್ ಎತ್ತಿತು. ಆದರೆ ಅವರು ಬಾರ್ಸಿಲೋನಾ ಕ್ಲಬ್, ಅರ್ಜೆಂಟೀನಾ ತಂಡಗಳಿಗೆ ಕೋಚ್ ಆಗಿ ಬಂದವರು. ಕೆಲಸ ಹೋದರೂ ಬೇರೆ ಬಾಗಿಲು ತೆರೆದಿರುತ್ತಿತ್ತು.

ಹಳೇ ತಂಡ ಮುದಿಯಾಗಿ, ಮಾಲೀಕರು ಜೇಬು ಬಿಗಿಹಿಡಿದಿದ್ದರೆ ಹೊರಡಿ. ಆದರೆ ಆಟಗಾರರ ಆಯ್ಕೆಯಲ್ಲಿ ನಿಮ್ಮ ಮಾತು ನಡೆಯುತ್ತದೆ, ಕನಿಷ್ಠ ಎರಡು ಸೀಸನ್ ಸಿಗುತ್ತದೆ ಎಂದು ಕರಾರಿನಲ್ಲಿ ಬರೆಸಿಕೊಂಡು. ಎಳೆಯ ತಂಡ ಈಗಷ್ಟೇ ಪಳಗುತ್ತಿದ್ದರೆ ಇದ್ದಲ್ಲೇ ಇರುವುದು ಲೇಸು.